ತಲೆ ಎತ್ತಿದ ಲೆಕ್ಕ

ಒಂದೇ ಒಂದು ಸಾಲು ನೋಡಿ ಬರೆಯೋಕೆ ಮಗಳು 14 ಸಲ ತಲೆ ಎತ್ತಿದಳು. ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಸಾಲಿನಲ್ಲಿ ಇದ್ದದ್ದು ಐದು ಪದ. ಪುಸ್ತಕ ನೋಡುತ್ತಾಳೆ, ತಲೆ ತಗ್ಗಿಸುತ್ತಾಳೆ, ಒಂದು ಅಕ್ಷರ ಬರೆಯುತ್ತಾಳೆ, ಮತ್ತೆ ನೋಡುತ್ತಾಳೆ. ಅಷ್ಟರಲ್ಲಿ ಎಲ್ಲಿದ್ದೆ ಅನ್ನೋದೇ ಮರೆತಿರುತ್ತದೆ. ಬೆರಳಿಟ್ಟು ಜಾಗ ಹುಡುಕುತ್ತಾಳೆ. ಜಾಗ ಸಿಗೋ ಹೊತ್ತಿಗೆ ಬರೆಯಬೇಕಾದ ಅಕ್ಷರ ಹಾರಿಹೋಗಿರುತ್ತದೆ.

ಆಗ ಅವಳಿಗೆ 8 ವರ್ಷ. ಮಾತಿನಲ್ಲಿ ತುಂಬಾ ಚುರುಕು. ಒಂದು ಸಲ ಕೇಳಿದ ಕಥೆಯನ್ನು ಏನೂ ಬಿಡದೆ ವಾಪಸ್ ಹೇಳುತ್ತಾಳೆ. ಆದರೆ ಬೋರ್ಡ್ ಮೇಲಿರೋದನ್ನು ನೋಟ್‌ಬುಕ್ಕಿಗೆ ಇಳಿಸು ಅಂದರೆ ಮುಗಿಯಿತು. ಅವಳು ಅರ್ಧ ಬರೆಯೋದರೊಳಗೆ ಬೋರ್ಡ್ ಒರೆಸಿರುತ್ತಾರೆ. ಶಾಲೆಯಿಂದ ಬರುತ್ತಿದ್ದ ದೂರು ಒಂದೇ: ಗಮನ ಇಲ್ಲ, ತುಂಬಾ ನಿಧಾನ. ನಾನೂ ಅದನ್ನೇ ನಂಬಿ ಎರಡು ವರ್ಷ ಬೈದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಯಾರೂ ತಾಳ್ಮೆಯ ತಾಯಿ ಅಂದುಕೊಳ್ಳೋದು ಬೇಡ.

ಮಕ್ಕಳ ಡಾಕ್ಟರು ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ನೋಡಿ ಬನ್ನಿ ಅಂದಾಗ ನನಗೆ ನಗು ಬಂತು. ಎಂಟು ವರ್ಷದ ಮಗುವಿಗೆ ಯಾವ ಉದ್ಯೋಗ? ಇಲ್ಲಿ ಆಕ್ಯುಪೇಷನ್ ಅಂದರೆ ಸಂಬಳದ ಕೆಲಸ ಅಲ್ಲವಂತೆ. ದಿನ ತುಂಬುವ ಕೆಲಸಗಳೆಲ್ಲ ಅದೇ. ಬಟ್ಟೆ ಹಾಕಿಕೊಳ್ಳೋದು, ಆಡೋದು, ಬರೆಯೋದು, ಬ್ಯಾಗ್ ತುಂಬಿಕೊಳ್ಳೋದು. ಅದರಲ್ಲಿ ಎಲ್ಲಿ ತೊಡಕಾಗುತ್ತಿದೆಯೋ ಅಲ್ಲಿ ಇವರು ಕೈ ಹಾಕುತ್ತಾರೆ.

ಥೆರಪಿಸ್ಟ್ ಮೇಡಂ ಮೊದಲು ಕೇಳಿದ್ದು ಕಣ್ಣಿನ ಪರೀಕ್ಷೆ ಆಗಿದೆಯಾ ಅಂತ. ಆಗಿರಲಿಲ್ಲ. "ಮೊದಲು ಅದು ಮಾಡಿಸಿ. ಆಮೇಲೆ ಬನ್ನಿ" ಅಂದು ಒಂದು ಹಾಳೆಯಲ್ಲಿ ಪಿರಮಿಡ್ ಬರೆದು ತೋರಿಸಿದರು. ತಳದಲ್ಲಿ ಕಣ್ಣು ಆಡಿಸುವ ಹಿಡಿತ, ಎಷ್ಟು ಅಗಲ ಕಾಣುತ್ತದೆ, ಎಷ್ಟು ಸ್ಪಷ್ಟ ಕಾಣುತ್ತದೆ. ಅದರ ಮೇಲೆ ಗಮನ. ಅದರ ಮೇಲೆ ಕಣ್ಣಾಡಿಸಿ ಹುಡುಕೋದು. ಆಮೇಲೆ ಆಕಾರ ಗುರುತಿಸೋದು. ಅದಕ್ಕೂ ಮೇಲೆ ನೋಡಿದ್ದನ್ನು ನೆನಪಿಡೋದು. ಇದು ಮೇರಿ ವಾರೆನ್ ಅನ್ನುವ ಆಕ್ಯುಪೇಷನಲ್ ಥೆರಪಿಸ್ಟ್ 1993ರಲ್ಲಿ ಮೆದುಳಿಗೆ ಪೆಟ್ಟಾದ ದೊಡ್ಡವರಿಗೆ ಅಂತ ಕೊಟ್ಟ ಚೌಕಟ್ಟು. ಮಕ್ಕಳ ಬಗ್ಗೆ ಯೋಚಿಸೋವಾಗಲೂ ಅನುಕೂಲ ಅಂತ ಮೇಡಂ ಇಟ್ಟುಕೊಂಡಿದ್ದರು. ಕೆಳಗಿನ ಇಟ್ಟಿಗೆ ಅಲ್ಲಾಡುತ್ತಿದ್ದರೆ ಮೇಲಿನದಕ್ಕೆ ಎಷ್ಟು ಗಾರೆ ಮೆತ್ತಿದರೂ ನಿಲ್ಲೋದಿಲ್ಲ, ಅಲ್ವಾ? ಕಣ್ಣು ಸರಿ ಇತ್ತು. ಕನ್ನಡಕ ಬೇಕಿರಲಿಲ್ಲ. ಎರಡು ಕಣ್ಣೂ ಜೊತೆಯಾಗಿ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಸಮಾಧಾನ ಆಗಬೇಕಿತ್ತು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಕನ್ನಡಕ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಆಸೆ ಇತ್ತು.

ಪರೀಕ್ಷೆ ಎರಡು ದಿನ ನಡೆಯಿತು. ಒಂದು ಆಕಾರ ತೋರಿಸಿ, ಕೆಳಗಿರೋದರಲ್ಲಿ ಅದೇ ಯಾವುದು ಅಂತ ಕೇಳೋದು. ಇದರಲ್ಲಿ ಪುಟ್ಟಿ ಚೆನ್ನಾಗಿ ಮಾಡಿದಳು. ತಿರುಗಿಸಿದ, ಚಿಕ್ಕದು ಮಾಡಿದ ಆಕಾರ ಹುಡುಕೋದರಲ್ಲೂ ಪರವಾಗಿಲ್ಲ. ಗೀಟುಗಳ ಗೊಂದಲದಲ್ಲಿ ಅಡಗಿರುವುದನ್ನು ಹೆಕ್ಕೋದೂ ಬಂತು. ಆಮೇಲೆ ಆಕಾರ ಕೆಲವೇ ಕ್ಷಣ ತೋರಿಸಿ ಪುಟ ತಿರುಗಿಸಿದರು. ಮುಂದಿನ ಪುಟದಲ್ಲಿ ನಾಲ್ಕು ಆಕಾರ. ಅಲ್ಲಿ ತಡವರಿಸಿದಳು. ಸಾಲಾಗಿ ನಾಲ್ಕೈದು ಆಕಾರ ತೋರಿಸಿ, ಅದೇ ಕ್ರಮ ಯಾವುದು ಅಂತ ಕೇಳಿದಾಗ ಪೂರ್ತಿ ಕೈಚೆಲ್ಲಿದಳು. ಒಂದು ಆಕಾರವನ್ನು ನೆನಪಿಡೋದು ಬೇರೆ, ಆಕಾರಗಳ ಸಾಲನ್ನು ಕ್ರಮವಾಗಿ ನೆನಪಿಡೋದು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ ಅನ್ನೋದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಗುಣಿತಕ್ಕೆ ಬೇಕಾಗೋದು ಹೆಚ್ಚಾಗಿ ಎರಡನೆಯದು.

ಅಂಕಿಗಳಿಗಿಂತ ನನಗೆ ನಾಟಿದ್ದು ಮೇಡಂ ಅವಳ ನೋಟ್‌ಬುಕ್ ಓದಿದ ರೀತಿ. ಪದಗಳ ಮೇಲೆ ಪೆನ್ಸಿಲ್ ತುದಿ ಓಡಿಸುತ್ತಾ ಹೋದರು. "ಇಲ್ಲಿ ತಲೆ ಎತ್ತಿದ್ದಾಳೆ. ಇಲ್ಲಿ. ಇಲ್ಲೂ." ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಪದದ ಮಧ್ಯದಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತದೆ. ಅದರ ನಂತರದ ಅಕ್ಷರ ಸ್ವಲ್ಪ ದಪ್ಪ, ಇಲ್ಲಾ ಗೆರೆಯಿಂದ ಸ್ವಲ್ಪ ಮೇಲೆ. ಕೈ ನಿಂತು ಮತ್ತೆ ಹೊರಟ ಗುರುತು ಅದು. ಇಡೀ ಪುಟದ ತುಂಬ ಅವೇ ಇದ್ದವು. ಎರಡು ವರ್ಷ ಅದೇ ನೋಟ್‌ಬುಕ್ಕುಗಳಿಗೆ ಸಹಿ ಹಾಕಿದವಳು ನಾನು.

ವಾರಕ್ಕೊಂದು ಸಲ 45 ನಿಮಿಷ ಅಲ್ಲಿ, ದಿನಾ 10 ನಿಮಿಷ ಮನೆಯಲ್ಲಿ ಅಂತ ನಿರ್ಧಾರವಾಯಿತು.

ಮೊದಲ ದಿನದ ಆಟ ತಟ್ಟೆಯದು. ಒಂದು ತಟ್ಟೆಯಲ್ಲಿ ಎಂಟು ವಸ್ತು. ಬಾಚಣಿಗೆ, ಗುಂಡಿ, ದಾರದ ಉಂಡೆ, ಪೆನ್ಸಿಲ್, ರಬ್ಬರ್, ಸ್ಕೇಲ್, ಬೀಗದ ಕೈ, ನಾಣ್ಯ. ಸ್ವಲ್ಪ ಹೊತ್ತು ನೋಡಲು ಬಿಟ್ಟು ಬಟ್ಟೆ ಮುಚ್ಚಿದರು. ಪುಟ್ಟಿ ಮೂರು ಹೇಳಿದಳು: ನಾಣ್ಯ, ಕೈ, ರಬ್ಬರ್. ಆಮೇಲೆ ಸುಮ್ಮನಾದಳು.

"ಹೇಗೆ ನೆನಪಿಟ್ಟುಕೊಂಡೆ ಪುಟ್ಟಿ?"

"ಸುಮ್ನೆ ನೋಡಿದೆ ಆಂಟಿ."

ಮೇಡಂ ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಏಳು ಹೇಳಿದೆ. ಸ್ಕೇಲ್ ಬಿಟ್ಟುಹೋಯಿತು. ನೀವು ಹೇಗೆ ಮಾಡಿದಿರಿ ಅಂತ ನನ್ನನ್ನೂ ಕೇಳಿದರು. ನಾನೂ ಸುಮ್ನೆ ನೋಡಿದೆ ಅಂತ ಹೇಳಲು ಹೊರಟವಳು ತಡೆದೆ. ನಾನು ಹೇಳಿದ ಕ್ರಮ ನೋಡಿದರೆ ಬೇರೆಯೇ ಇತ್ತು. ಬಾಚಣಿಗೆ, ಗುಂಡಿ, ದಾರ ಒಂದು ಗುಂಪು, ಕನ್ನಡಿ ಮುಂದೆ ಇರುವಂಥವು. ಕೈ, ನಾಣ್ಯ ಪರ್ಸಿನವು. ಪೆನ್ಸಿಲ್, ರಬ್ಬರ್ ಶಾಲೆಯವು. ಎಂಟು ವಸ್ತುಗಳನ್ನು ನಾನು ಮೂರು ಗಂಟು ಕಟ್ಟಿಕೊಂಡಿದ್ದೆ. ಬಾಯಲ್ಲಿ ಹೆಸರೂ ಗುನುಗಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಪುಟ್ಟಿ ಎಂಟನ್ನೂ ಎಂಟಾಗಿಯೇ, ಹೆಸರಿಡದೆ ದಿಟ್ಟಿಸಿದ್ದಳು.

ಆಮೇಲೆ ಮೇಡಂ ಬಟ್ಟೆಯ ಅಡಿಯಿಂದ ಒಂದನ್ನು ಸದ್ದಿಲ್ಲದೆ ತೆಗೆದು, ಬಟ್ಟೆ ಸರಿಸಿ, ಯಾವುದು ಕಾಣೆ ಅಂತ ಕೇಳಿದರು. "ಬಾಚಣಿಗೆ!" ಅಂತ ತಕ್ಷಣ ಉತ್ತರ ಬಂತು. ಒಂದು ನಿಮಿಷದ ಹಿಂದೆ ಅವಳು ಹೇಳಲಾಗದ ಬಾಚಣಿಗೆ. ಅಂದರೆ ಅದು ತಲೆಯೊಳಗೆ ಹೋಗಿತ್ತು. ಕರೆದರೆ ಬರುತ್ತಿರಲಿಲ್ಲ, ಅಷ್ಟೇ. ಕಂಡಾಗ ಗುರುತು ಹಿಡಿಯೋದು ಸುಲಭ. ಕಣ್ಣೆದುರು ಇಲ್ಲದ್ದನ್ನು ಹೊರಗೆ ತರೋದು ಕಷ್ಟ. ಇದು ಎಲ್ಲರಿಗೂ ಹೀಗೆಯೇ. 1973ರಲ್ಲಿ ಲಯೊನೆಲ್ ಸ್ಟ್ಯಾಂಡಿಂಗ್ ಅನ್ನುವ ಮನಶ್ಶಾಸ್ತ್ರಜ್ಞ ಜನರಿಗೆ 10,000 ಚಿತ್ರ ತೋರಿಸಿ, ಆಮೇಲೆ ಎರಡೆರಡು ಚಿತ್ರ ಇಟ್ಟು ಯಾವುದನ್ನು ಮೊದಲೇ ನೋಡಿದ್ದೀರಿ ಅಂತ ಕೇಳಿದ್ದರು. ಬಹುಪಾಲು ಸರಿಯಾಗಿಯೇ ಹೇಳಿದರು. ಅದೇ ಜನರಿಗೆ, ನೋಡಿದ ಚಿತ್ರಗಳನ್ನೆಲ್ಲ ಒಂದೊಂದಾಗಿ ಹೇಳಿ ಅಂದಿದ್ದರೆ ಕತೆಯೇ ಬೇರೆ ಆಗುತ್ತಿತ್ತು.

ಹಾಗಾಗಿ ಮೇಡಂ ಹಾಕಿದ ಮೆಟ್ಟಿಲು ಹೀಗಿತ್ತು. ಮೊದಲು ನಾಲ್ಕೇ ವಸ್ತು, ಯಾವುದು ಕಾಣೆ ಅನ್ನೋದು ಮಾತ್ರ. ಅದು ಸಲೀಸಾದ ಮೇಲೆ ಎಲ್ಲವನ್ನೂ ಹೇಳೋದು. ಆಮೇಲೆ ಯಾವುದು ಎಲ್ಲಿತ್ತು ಅಂತ ಅದೇ ಜಾಗದಲ್ಲಿ ಇಡೋದು. ಮೊದಮೊದಲು ನೋಡುವಾಗ ಜೋರಾಗಿ ಹೆಸರು ಹೇಳಬೇಕು. ಕ್ರಮೇಣ ತುಟಿ ಮಾತ್ರ ಅಲ್ಲಾಡಬೇಕು. ಕೊನೆಗೆ ಮನಸ್ಸಿನಲ್ಲೇ. ವಸ್ತು ಜಾಸ್ತಿ ಮಾಡಿದ ದಿನ ನೋಡುವ ಸಮಯ ಕಡಿಮೆ ಮಾಡಬಾರದು. ಸಮಯ ಕಡಿಮೆ ಮಾಡಿದ ದಿನ ವಸ್ತು ಜಾಸ್ತಿ ಮಾಡಬಾರದು. ನಾನು ಎರಡನ್ನೂ ಒಟ್ಟಿಗೆ ಮಾಡಿ ಅವಳನ್ನು ಅಳಿಸಿದ್ದು ಎರಡನೇ ವಾರ.

ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಗೋಡೆಗೆ ಒಂದು ಚಾರ್ಟ್ ಅಂಟಿಸಿ ದಿನಾ ಅಂಕ ಬರೆಯತೊಡಗಿದೆ. ಸೋಮವಾರ 5, ಮಂಗಳವಾರ 6, ಬುಧವಾರ 4. ನಾಲ್ಕು ಬಂದ ದಿನ ನನ್ನ ಮುಖ ಹೇಗಿತ್ತೋ ಏನೋ. ಮಾರನೇ ದಿನ ತಟ್ಟೆ ಮುಚ್ಚುವ ಬಟ್ಟೆ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ನಾಲ್ಕು ದಿನ ಆದ ಮೇಲೆ ಅವಳ ಹಾಸಿಗೆ ಕೆಳಗೆ, ಚಿಕ್ಕದಾಗಿ ಮಡಿಸಿಟ್ಟದ್ದು ಸಿಕ್ಕಿತು. ಚಾರ್ಟ್ ಹರಿದು ಹಾಕಿದೆ. ಆಮೇಲಿಂದ ಒಂದು ಸಲ ಅವಳು ಜೋಡಿಸಿ ನನ್ನನ್ನು ಕೇಳೋದು, ಇನ್ನೊಂದು ಸಲ ನಾನು. ಅವಳು ಜೋಡಿಸುವಾಗ ಬೇಕಂತಲೇ ಒಂದಕ್ಕೊಂದು ಸಂಬಂಧ ಇಲ್ಲದ ವಸ್ತು ಆರಿಸುತ್ತಿದ್ದಳು, ನನಗೆ ಗಂಟು ಕಟ್ಟೋಕೆ ಆಗಬಾರದು ಅಂತ. ಅದನ್ನು ಮೇಡಂಗೆ ಹೇಳಿದಾಗ ಅವರು ಖುಷಿಯಿಂದ ಮೇಜು ತಟ್ಟಿದರು. ಗಂಟು ಬಿಚ್ಚೋಕೆ ಗೊತ್ತಾಗಿದೆ ಅಂದರೆ ಕಟ್ಟೋಕೂ ಗೊತ್ತಾಗಿದೆ ಅಂತ.

ಬೇರೆ ಆಟಗಳೂ ಇದ್ದವು. ಬಣ್ಣದ ಮಣಿ ಪೋಣಿಸೋದು. ಕೆಂಪು, ನೀಲಿ, ನೀಲಿ, ಹಳದಿ ಅಂತ ಒಂದು ಮಾದರಿ ತೋರಿಸಿ, ಮುಚ್ಚಿ, ನೀನು ಪೋಣಿಸು ಅನ್ನೋದು. ಮರದ ತುಂಡುಗಳನ್ನು ಅಲ್ಲಲ್ಲಿ ಇಟ್ಟು, ಒಂದಾದ ಮೇಲೊಂದು ತಟ್ಟಿ ತೋರಿಸಿ, ಅದೇ ಕ್ರಮದಲ್ಲಿ ಅವಳು ತಟ್ಟಬೇಕು. ಇದರ ಮೂಲ 1972ರಷ್ಟು ಹಳೆಯದು. ಫಿಲಿಪ್ ಕೊರ್ಸಿ ಅನ್ನುವ ಸಂಶೋಧಕ ಒಂಬತ್ತು ತುಂಡುಗಳನ್ನು ಹಲಗೆಗೆ ಅಂಟಿಸಿ ಮಾಡಿದ ಪರೀಕ್ಷೆ ಅದು. ಇಲ್ಲಿ ಅದನ್ನೇ ಆಟದ ತರಹ ಆಡಿಸುತ್ತಿದ್ದರು. ಇದರಲ್ಲಿ ಹೆಸರಿಡೋದು ನಡೆಯೋದಿಲ್ಲ, ತುಂಡುಗಳೆಲ್ಲ ಒಂದೇ ತರಹ. ಪುಟ್ಟಿ ಮಾತ್ರ ದಾರಿ ಕಂಡುಕೊಂಡಳು. ತಟ್ಟಿದ ಜಾಗಗಳನ್ನು ಮನಸ್ಸಿನಲ್ಲೇ ಗೆರೆ ಎಳೆದು ಸೇರಿಸಿ, "ಇದು ಮನೆಯ ಸೂರು, ಇದು ಏಳು ಅಂಕಿ" ಅನ್ನುತ್ತಿದ್ದಳು. ಈ ಆಟದಲ್ಲಿ ನಾನು ಅವಳಿಗೆ ಸೋತಿದ್ದೇನೆ, ಒಂದೆರಡು ಸಲ ಅಲ್ಲ.

ಅವಳಿಗೆ ತುಂಬಾ ಇಷ್ಟವಾದದ್ದು ಓಡಾಟದ ಆಟ. ಕೋಣೆಯ ಈ ತುದಿಯಲ್ಲಿ ಒಂದು ಚಿತ್ರದ ಕಾರ್ಡು. ನೋಡಿ, ಅಲ್ಲೇ ಬಿಟ್ಟು, ಬಟ್ಟೆಯ ಸುರಂಗದಲ್ಲಿ ತೆವಳಿ, ದಿಂಬುಗಳನ್ನು ಹಾರಿ, ಆ ತುದಿಗೆ ಹೋಗಿ ಅಲ್ಲಿರುವ ಬ್ಲಾಕ್‌ಗಳಲ್ಲಿ ಅದೇ ಚಿತ್ರ ಕಟ್ಟಬೇಕು. ನೋಡೋದಕ್ಕೂ ಮಾಡೋದಕ್ಕೂ ನಡುವೆ ಮೈಗೆ ಕೆಲಸ. ಹೊರಗಿನಿಂದ ನೋಡಿದವರಿಗೆ ಸುಮ್ನೆ ಕುಣಿದಾಟ ಅನ್ನಿಸಬೇಕು. ನಿಜಕ್ಕೂ ಅಲ್ಲಿ ನಡೆಯೋದು, ತರಗತಿಯಲ್ಲಿ ಬೋರ್ಡಿನಿಂದ ಪುಟಕ್ಕೆ ಇಳಿಯುವಾಗ ಆಗುವಂಥದ್ದೇ. ಒಂದು ಚಿತ್ರವನ್ನು ಚೆಲ್ಲದೆ ಆಚೆ ದಡಕ್ಕೆ ಒಯ್ಯಬೇಕು. ಮೊದಲ ಸಲ ಸುರಂಗದಿಂದ ಹೊರಬಂದವಳು ನನ್ನನ್ನೇ ನೋಡುತ್ತಾ "ಏನಿತ್ತು?" ಅಂದಳು.

ಎರಡು ತಿಂಗಳು ಹೀಗೆ ನಡೆಯಿತು. ತಟ್ಟೆಯಲ್ಲಿ ಏಳೆಂಟು ವಸ್ತು ಸರಾಗವಾಗಿ ಹೇಳುತ್ತಿದ್ದಳು. ನಾನು ಉಬ್ಬಿಹೋಗಿ ಫೋನಿನಲ್ಲಿ ನೆನಪಿನ ಆಟಗಳ ಆ್ಯಪ್ ಬೇರೆ ಹಾಕಿಕೊಟ್ಟೆ. ಜೋಡಿ ಕಾರ್ಡು ಹುಡುಕೋದರಲ್ಲಿ ಮನೆಯಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲ. ಒಂದು ಸಂಜೆ ನೋಟ್‌ಬುಕ್ ತೆಗೆದು, ಪಕ್ಕದಲ್ಲಿ ಕೂತು ಮತ್ತೆ ಎಣಿಸಿದೆ. ಅಷ್ಟೇ ಉದ್ದದ ಸಾಲು. 12 ಸಲ.

ಎರಡು ತಿಂಗಳಿಗೆ ಎರಡೇ ಸಲ ಕಡಿಮೆ! ನನಗೆ ಅಳು ಬಂತು, ಸ್ವಲ್ಪ ಸಿಟ್ಟೂ ಬಂತು. ಮುಂದಿನ ಸಲ ಹೋದಾಗ ಮೇಡಂ ಮುಂದೆ ಅದನ್ನೇ ಇಟ್ಟೆ. ಅವರಿಗೆ ಆಶ್ಚರ್ಯ ಆಗಲಿಲ್ಲ. "ತಟ್ಟೆ ಆಡಿದರೆ ತಟ್ಟೆ ಬರುತ್ತದೆ. ಬರೆಯೋದು ಬರಬೇಕಂದರೆ ಅಲ್ಲಿ ಕಲಿತ ಉಪಾಯವನ್ನು ಬರವಣಿಗೆಗೆ ನಾವೇ ಕೈ ಹಿಡಿದು ಕರೆತರಬೇಕು. ತಾನಾಗಿ ಬರಲ್ಲ." ಆಮೇಲೆ ನಾನು ಓದಿದ್ದರಲ್ಲೂ ಅದೇ ಇತ್ತು. 2013ರಲ್ಲಿ ಮೋನಿಕಾ ಮೆಲ್ಬಿ-ಲೆರ್ವಾಗ್ ಮತ್ತು ಚಾರ್ಲ್ಸ್ ಹುಲ್ಮ್ ಅನ್ನುವ ಇಬ್ಬರು ಸಂಶೋಧಕರು ವರ್ಕಿಂಗ್ ಮೆಮರಿ, ಅಂದರೆ ಕೆಲಸ ಮಾಡುವಾಗ ವಿಷಯವನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಡುವ ನೆನಪಿನ ತರಬೇತಿಯ ಬಗ್ಗೆ ಆಗಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಭ್ಯಾಸ ಮಾಡಿದಂಥ ಕೆಲಸಗಳಲ್ಲಿ ಸುಧಾರಣೆ ಕಾಣುತ್ತದೆ, ಓದು, ಲೆಕ್ಕ ಇಂಥ ದೂರದ ಕೆಲಸಗಳಿಗೆ ಅದು ಹರಡುವುದಕ್ಕೆ ಗಟ್ಟಿ ಪುರಾವೆ ಇಲ್ಲ ಅನ್ನೋದು ಅವರು ಕಂಡದ್ದು. ನನ್ನ ಅಭಿಪ್ರಾಯ ಕೇಳಿದರೆ, ಆ್ಯಪ್‌ಗೆ ದುಡ್ಡು ಹಾಕೋ ಮೊದಲು ಇದನ್ನು ಯಾರಾದರೂ ಹೇಳಬೇಕಿತ್ತು.

ಹಾಗಂತ ತಟ್ಟೆ ವ್ಯರ್ಥ ಅಂತ ನಾನು ಹೇಳೋದಿಲ್ಲ. ಹೆಸರಿಡೋದು, ಗಂಟು ಕಟ್ಟೋದು ಅವಳು ಕಲಿತದ್ದು ಅಲ್ಲಿಯೇ, ಹೆದರಿಕೆ ಇಲ್ಲದ ಜಾಗದಲ್ಲಿ. ಮೊದಲ ದಿನವೇ ನೋಟ್‌ಬುಕ್ ಹಿಡಿದಿದ್ದರೆ ಎದ್ದು ಓಡುತ್ತಿದ್ದಳು. ಆದರೆ ಎರಡು ತಿಂಗಳು ಜಾಸ್ತಿಯೇ ಆಯಿತು ಅಂತ ಈಗಲೂ ಅನ್ನಿಸುತ್ತದೆ. ಮೂರನೇ ವಾರದಿಂದಲೇ ಒಂದೊಂದು ಪದ ಸೇರಿಸಬಹುದಿತ್ತು.

ಅಲ್ಲಿಂದ ಅಕ್ಷರದ ಕೆಲಸ ಶುರು. ಮೊದಲು ಪದ ಅಲ್ಲ, ಒಂಟಿ ಅಕ್ಷರ. ಕನ್ನಡ ಅಕ್ಷರಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಅನ್ನೋದು ಎಂಟು ವರ್ಷದ ಮಗುವಿನ ಕಣ್ಣಿನಿಂದ ನೋಡಿದರೆ ಗೊತ್ತಾಗುತ್ತದೆ. ಪ, ಫ, ಷ. ಬ, ಭ. ವ, ಮ. ದ, ಧ, ಥ. ಪುಟ್ಟಿ ಇವನ್ನು ಒಂದೊಂದನ್ನೂ ಹೊಸ ಚಿತ್ರದ ತರಹ ನೆನಪಿಡಲು ಹೆಣಗುತ್ತಿದ್ದಳು. ಮೇಡಂ ಅವಳ ಕೈಯಲ್ಲೇ ಅಕ್ಷರಕ್ಕೆ ಕಥೆ ಹೇಳಿಸಿದರು. "ದ ಇದೆ. ಅದರ ಹೊಟ್ಟೆ ಸೀಳಿದರೆ ಧ. ಸೀಳಿದ ಹೊಟ್ಟೆಯವನು ಒಂದು ಚುಕ್ಕೆ ನುಂಗಿದರೆ ಥ." ಇದು ಪುಟ್ಟಿಯದೇ ವಾಕ್ಯ. ಆಮೇಲೆ ಬೆರಳಿನಿಂದ ಮರಳಿನ ತಟ್ಟೆಯಲ್ಲಿ ಬರೆಯೋದು, ಒರೆಸೋದು, ಕಣ್ಣು ಮುಚ್ಚಿ ಗಾಳಿಯಲ್ಲಿ ಬರೆಯೋದು. ವ, ಮ ಇವೆರಡರಲ್ಲಿ ಬಾಲ ಸುತ್ತಿಕೊಂಡಿರೋದು ಯಾವುದು ಅಂತ ನಾನು ಕೇಳಿದರೆ, ಅವಳು ಮೊದಲು ಬೆರಳಾಡಿಸಿ, ಆಮೇಲೆ ಹೇಳುತ್ತಿದ್ದಳು. ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುತ್ತಿತ್ತು.

ಆಮೇಲೆ ಪದ. ಇಲ್ಲೇ ನಿಜವಾದ ಕೆಲಸ ಇದ್ದದ್ದು. ದೊಡ್ಡವರು ಕೂಡ ಒಂದು ನೋಟಕ್ಕೆ ಹೆಚ್ಚೇನೂ ಹಿಡಿಯೋದಿಲ್ಲ. ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗಲ್ 1997ರಲ್ಲಿ ಮಾಡಿದ ಪ್ರಯೋಗಗಳಲ್ಲಿ ಜನ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದಿಟ್ಟುಕೊಂಡದ್ದು ಸುಮಾರು ನಾಲ್ಕು ಬಣ್ಣದ ಚೌಕಗಳನ್ನು. ನಾಲ್ಕೇ ಜಾಗ ಅಂದ ಮೇಲೆ ಆ ಜಾಗದಲ್ಲಿ ಏನು ಇಡುತ್ತೀರಿ ಅನ್ನೋದು ಮುಖ್ಯ. ಚೆಸ್ ಆಟಗಾರರ ಬಗ್ಗೆ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ತೋರಿಸಿದ್ದೂ ಇದನ್ನೇ. ನಿಜವಾದ ಆಟದ ನಡುವಿನ ಹಲಗೆಯನ್ನು ಪಳಗಿದ ಆಟಗಾರ ಐದು ಸೆಕೆಂಡು ನೋಡಿ ಬಹುಪಾಲು ಜೋಡಿಸಿಬಿಡುತ್ತಾನೆ. ಕಾಯಿಗಳನ್ನು ಸಿಕ್ಕಾಪಟ್ಟೆ ಚೆಲ್ಲಿಟ್ಟರೆ ಅವನೂ ಹೊಸಬನ ಮಟ್ಟಕ್ಕೇ ಇಳಿಯುತ್ತಾನೆ. ಅವನಿಗೆ ಕಾಯಿಗಳು ಬಿಡಿಬಿಡಿಯಾಗಿ ಕಾಣೋದಿಲ್ಲ, ಗುಂಪಾಗಿ ಕಾಣುತ್ತವೆ.

"ವಿದ್ಯಾರ್ಥಿ" ಅನ್ನುವ ಪದ ತೆಗೆದುಕೊಳ್ಳಿ. ಓದಲು ಬಂದವರಿಗೆ ಅದು ಒಂದೇ ಗಂಟು. ಪುಟ್ಟಿಗೆ ಅದು ವ, ಮೇಲೊಂದು ಗುಡಿಸು, ದ, ಅದಕ್ಕೊಂದು ಇಳಿ, ಕೆಳಗೊಂದು ಯ ಒತ್ತು, ಆಮೇಲೆ ಚುಕ್ಕೆ ನುಂಗಿದವನು, ಅವನಿಗೂ ಗುಡಿಸು, ಪಕ್ಕದಲ್ಲಿ ಅರ್ಕಾವೊತ್ತು. ಎಂಟು ತುಂಡು, ಇರೋದು ನಾಲ್ಕು ಜಾಗ. ತಲೆ ಎತ್ತದೆ ಏನು ಮಾಡುತ್ತಾಳೆ? ಇದರ ಜೊತೆಗೆ ಅರ್ಕಾವೊತ್ತಿನ ತಂಟೆ ಬೇರೆ. ಬಾಯಲ್ಲಿ "ರ್" ಮೊದಲು ಬರುತ್ತದೆ, ಬರೆಯುವಾಗ ಅದು ಆಮೇಲೆ ಕೂರುತ್ತದೆ. ಕಿವಿಯನ್ನು ನಂಬಿದ ಮಗು ಅಲ್ಲಿ ಎಡವಲೇಬೇಕು.

ಪುಟ್ಟಿಯ ಕಿವಿ ಗಟ್ಟಿ ಇದ್ದದ್ದರಿಂದ ಅದನ್ನೇ ಕಣ್ಣಿಗೆ ಊರುಗೋಲು ಮಾಡಿದರು. ಪದ ನೋಡು, ಬಾಯಲ್ಲಿ ಬಿಡಿಸಿ ಹೇಳು: ವಿ, ದ್ಯಾ, ರ್ಥಿ. ಮೂರು ಗಂಟು. ಕಿವಿಗೆ ಗೊತ್ತಾಗದ್ದಕ್ಕೆ ಮಾತ್ರ ಕಣ್ಣು ಖರ್ಚು ಮಾಡು. "ರ್ಥಿ ಚುಕ್ಕೆ ನುಂಗಿದವನು, ಅರ್ಕಾವೊತ್ತು ಹಿಂದೆ." ಈಗ ಮುಚ್ಚು. ಬರೆ. ತೆಗೆದು ಹೋಲಿಸು. ತಪ್ಪಿದ್ದರೆ ತಪ್ಪಿದ ಗಂಟನ್ನು ಮಾತ್ರ ನೋಡು, ಇಡೀ ಪದ ಅಲ್ಲ. ತಪ್ಪನ್ನು ನಾನು ತೋರಿಸಬಾರದು ಅನ್ನೋದು ಮೇಡಂ ಹಾಕಿದ ಕಟ್ಟುನಿಟ್ಟು. ನನಗೆ ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ಕಣ್ಣೆದುರು ತಪ್ಪು ಕಾಣುತ್ತಿರುತ್ತದೆ, ನಾಲಿಗೆ ಕಚ್ಚಿಕೊಂಡು ಕೂತಿರಬೇಕು.

ಇದರ ಹಿಂದೆ ಕೋ-ಆಪ್ ಅಂತ ಕರೆಯುವ ಒಂದು ಪದ್ಧತಿ ಇದೆ. ಹೆಲೀನ್ ಪೊಲಟಾಯ್ಕೊ ಮತ್ತು ಜೊತೆಯವರು ಬೆಳೆಸಿದ್ದು. ಗುರಿ, ಉಪಾಯ, ಮಾಡಿ ನೋಡೋದು, ಆಯಿತಾ ಅಂತ ಪರೀಕ್ಷಿಸೋದು, ಈ ನಾಲ್ಕನ್ನು ಮಗುವೇ ಹೇಳಬೇಕು. ಗುರಿಯನ್ನೂ ಮಗುವೇ ಆರಿಸಬೇಕು. ನಾನು ಗುರಿ ಅಂದರೆ ಪೂರ್ತಿ ಪಾಠ ಬರೆಯೋದು ಅಂದುಕೊಂಡಿದ್ದೆ. ಪುಟ್ಟಿಯನ್ನು ಕೇಳಿದರೆ ಹೇಳಿದ್ದು, "ಬೋರ್ಡ್ ಒರೆಸೋದಕ್ಕೆ ಮುಂಚೆ ಹೋಂವರ್ಕ್ ಬರ್ಕೋಬೇಕು. ಅಷ್ಟೇ." ಎರಡೇ ಸಾಲು ಇರೋದು ಅದು. ಎರಡು ವರ್ಷದಿಂದ ದಿನಾ ಸಂಜೆ ಪಕ್ಕದ ಹುಡುಗಿಯ ಅಮ್ಮನಿಗೆ ಫೋನ್ ಮಾಡಿ ಹೋಂವರ್ಕ್ ಕೇಳುತ್ತಿದ್ದೆವಲ್ಲ, ಅದು ಅವಳಿಗೆ ಅವಮಾನ ಅಂತ ನನಗೆ ಹೊಳೆದಿರಲೇ ಇಲ್ಲ.

ಬೋರ್ಡಿನಿಂದ ಬರೆಯೋದು ಪುಸ್ತಕದಿಂದ ಬರೆಯೋದಕ್ಕಿಂತ ಕಷ್ಟ. ದೂರ ಬೇರೆ, ಹತ್ತಿರ ಬೇರೆ. ನಿಂತ ಗೋಡೆಯಿಂದ ಮಲಗಿದ ಪುಟಕ್ಕೆ ಇಳಿಸಬೇಕು. ಅದಕ್ಕೇ ಮೊದಲು ಪದದ ಚೀಟಿಯನ್ನು ನೋಟ್‌ಬುಕ್ಕಿನ ಮೇಲೆಯೇ ಇಟ್ಟೆವು. ಆಮೇಲೆ ಪಕ್ಕದಲ್ಲಿ. ಆಮೇಲೆ ಎದುರಿಗೆ ನಿಲ್ಲಿಸಿ. ಆಮೇಲೆ ಗೋಡೆಗೆ ಅಂಟಿಸಿ, ದಿನದಿಂದ ದಿನಕ್ಕೆ ಕುರ್ಚಿ ಹಿಂದಕ್ಕೆ. ಕೊನೆಗೆ ಚೀಟಿ ಬೇರೆ ಕೋಣೆಯಲ್ಲಿ, ನೋಟ್‌ಬುಕ್ ಈ ಕೋಣೆಯಲ್ಲಿ. ಎದ್ದು ಹೋಗಿ ನೋಡಿ ಬರಬೇಕು. ಎದ್ದು ಹೋಗೋದು ಬೇಜಾರು ಅನ್ನೋ ಕಾರಣಕ್ಕೇ ಒಂದು ಸಲಕ್ಕೆ ಎರಡು ಪದ ಹೊತ್ತು ತರತೊಡಗಿದಳು. ಸೋಮಾರಿತನ ಹೀಗೂ ಉಪಯೋಗಕ್ಕೆ ಬರುತ್ತದೆ.

ಥೆರಪಿಸ್ಟ್ ಮೇಡಂ ಬರೆದ ಪತ್ರವನ್ನು ಶಾಲೆಗೆ ಕೊಟ್ಟು ಎರಡು ಬೇಡಿಕೆ ಇಟ್ಟೆವು. ಮುಂದಿನ ಸಾಲಿನಲ್ಲಿ ಕೂರಿಸಿ, ಹೋಂವರ್ಕನ್ನು ಬೋರ್ಡಿನ ಒಂದೇ ಮೂಲೆಯಲ್ಲಿ ಬರೆದು ಕೊನೆಗೆ ಒರೆಸಿ. ಮೊದಲನೆಯದು ಮಾರನೇ ದಿನವೇ ಆಯಿತು. ಎರಡನೆಯದಕ್ಕೆ ಮೂರು ಸಲ ನೆನಪಿಸಬೇಕಾಯಿತು.

ಬ್ಯಾಗಿನ ವಿಷಯವೂ ಇತ್ತು, ಅದು ಬೇಗ ಮುಗಿಯಿತು. ತುಂಬಿದ ಬ್ಯಾಗಿನ ಫೋಟೋ ತೆಗೆದು, ಬೆಳಿಗ್ಗೆ ಒಂದು ಸಲ ನೋಡಿ, ಮುಚ್ಚಿಟ್ಟು, ಮನಸ್ಸಿನ ಫೋಟೋಗೆ ಹೋಲಿಸಿ ತುಂಬೋದು. ಎರಡು ವಾರದಲ್ಲಿ ಫೋಟೋ ಬೇಕಾಗಲಿಲ್ಲ. ನೀರಿನ ಬಾಟಲಿ ಮಾತ್ರ ಈಗಲೂ ಮರೆಯುತ್ತಾಳೆ. ಅದು ನೆನಪಿನ ತೊಂದರೆ ಅಂತ ನಾನು ಒಪ್ಪೋದಿಲ್ಲ.

ಮಧ್ಯೆ ಒಂದು ಹಿನ್ನಡೆ ಆಯಿತು. ಜ್ವರ ಬಂದು ಮೂರು ವಾರ ಎಲ್ಲ ನಿಂತಿತು. ಮತ್ತೆ ಶುರು ಮಾಡಿದಾಗ ಹಳೆಯ ಚಾಳಿಯೇ ವಾಪಸ್ಸು: ಒಂದು ಅಕ್ಷರ, ಒಂದು ತಲೆ. ನಾನು ಗಾಬರಿಯಾದೆ. ಮೇಡಂ ಅವಳ ಪೆನ್ಸಿಲ್ ತಡೆದು "ಏನು ಉಪಾಯ ಪುಟ್ಟಿ?" ಅಂತ ಒಂದೇ ಮಾತು ಕೇಳಿದರು. ಅವಳು ಒಂದು ಕ್ಷಣ ಮೇಲೆ ನೋಡಿ, "ಓ, ಗಂಟು" ಅಂದಳು. ಅಲ್ಲಿಂದ ಮುಂದೆ ಸಾಗಿತು. ಈಗ ಮನೆಯಲ್ಲೂ ನಾನು ಅದನ್ನೇ ಕೇಳುತ್ತೇನೆ. ಬೇಗ ಬರೆ, ಸರಿಯಾಗಿ ನೋಡು, ಎಲ್ಲಿದೆ ಗಮನ, ಇವೆಲ್ಲ ನನ್ನ ಬಾಯಲ್ಲಿ ಪೂರ್ತಿ ನಿಂತಿವೆ ಅಂದರೆ ಸುಳ್ಳಾಗುತ್ತದೆ. ಕಡಿಮೆ ಆಗಿವೆ.

ಹತ್ತು ತಿಂಗಳಾಯಿತು. ಈಗ ತಿಂಗಳಿಗೊಂದು ಸಲ ಹೋದರೆ ಸಾಕು ಅಂದಿದ್ದಾರೆ. ಹೋಂವರ್ಕ್ ತಾನೇ ಬರೆದುಕೊಂಡು ಬರುತ್ತಾಳೆ. ಉದ್ದ ಪಾಠ ಬರೆಸಿದರೆ ಈಗಲೂ ಕೊನೆಯ ಐದಾರು ಸಾಲು ಉಳಿಯುತ್ತದೆ. ಅದನ್ನು ಟೀಚರ್ ಫೋಟೋ ತೆಗೆದು ಕಳಿಸುತ್ತಾರೆ. ಲೆಕ್ಕದಲ್ಲಿ ದೊಡ್ಡ ಸಂಖ್ಯೆಗಳನ್ನು ಇಳಿಸಿಕೊಳ್ಳುವಾಗ ಅಂಕಿಗಳು ಅದಲು ಬದಲಾಗೋದು ಇನ್ನೂ ಇದೆ. ಮುಂದಿನ ಕೆಲಸ ಅದೇ.

ಮೊನ್ನೆ ಸಂಜೆ ಪ್ರಬಂಧ ನೋಡಿ ಬರೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂರಲಿಲ್ಲ, ಎಣಿಸಲೂ ಇಲ್ಲ. ಮಲಗಿದ ಮೇಲೆ ನೋಟ್‌ಬುಕ್ ತೆಗೆದು, ಮೇಡಂ ಮಾಡಿದ ಹಾಗೆ ಪದಗಳ ಮೇಲೆ ಪೆನ್ಸಿಲ್ ತುದಿ ಓಡಿಸಿದೆ. ಮೊದಲ ಸಾಲಿನಲ್ಲಿ ಪದಗಳ ನಡುವೆ ಬಿಟ್ಟ ಜಾಗ ಮಾತ್ರ. ಎರಡನೆಯದರಲ್ಲೂ ಅಷ್ಟೇ. ಮೂರನೇ ಸಾಲಿನ ಕೊನೆಯಲ್ಲಿ "ಸ್ವಾತಂತ್ರ್ಯ" ಇತ್ತು. "ಸ್ವಾತಂ" ಆದ ಮೇಲೆ ಕೂದಲೆಳೆಯಷ್ಟು ಜಾಗ, ಆಮೇಲೆ ತ, ಅದರ ಕೆಳಗೆ ಎರಡು ಒತ್ತು, ಸ್ವಲ್ಪ ದಪ್ಪಗೆ. ಆ ಪದ ಬರೆಯುವಾಗ ಯ ಒತ್ತು ಇದೆಯೋ ಇಲ್ಲವೋ ಅಂತ ನಾನೂ ಈಗ ಪುಸ್ತಕ ನೋಡಿಯೇ ಬರೆದೆ.